ಫೀಡ್ ಕೈಬಿಟ್ಟ ಮೇಲೆ ನಮ್ಮ ವೆಬ್‌ಸೈಟನ್ನು ಮತ್ತೆ ಕಟ್ಟಿಕೊಂಡ ಬಗೆ

ಬೆಳಿಗ್ಗೆ ಏಳುತ್ತಲೇ ತಂಗಿಯ ಫೋನ್ ಬಂತು. "ಅಕ್ಕಾ, ಅನಲಿಟಿಕ್ಸ್ ನೋಡಿದ್ಯಾ?" ಎಂದಳು. ಸೈಟಿಗೆ ಎಷ್ಟು ಜನ ಬಂದರು, ಎಲ್ಲಿಂದ ಬಂದರು ಎಂದು ತೋರಿಸುವ ಆ ಲೆಕ್ಕವನ್ನು ನಾನು ನೋಡಿರಲಿಲ್ಲ. "ಸೈಟ್ ಡೌನ್ ಆಗಿರಬೇಕು ಅಂತ ಮೂರು ಸಲ ತೆರೆದು ನೋಡಿದೆ. ಸೈಟ್ ಸರಿಯಾಗೇ ಇದೆ. ಜನಾನೇ ಬರ್ತಿಲ್ಲ."

ನಾವಿಬ್ಬರೂ ಸೇರಿ ಒಂದು ವೆಬ್‌ಸೈಟ್ ನಡೆಸುತ್ತೇವೆ. ಕುಂಡದಲ್ಲಿ ಗಿಡ ಬೆಳೆಸುವವರಿಗಾಗಿ ಅದು. ಬರೆಯುವುದು ನಾನು. ಫೋಟೊ, ಕೋಡ್, ಸರ್ವರ್ ಎಲ್ಲ ಅವಳ ಕೆಲಸ. ಆ ಹೊತ್ತಿಗೆ ನಮ್ಮ ಓದುಗರಲ್ಲಿ ಹತ್ತಕ್ಕೆ ಏಳು ಜನ ಫೋನಿನ ಒಂದು ಶಿಫಾರಸು ಫೀಡ್‌ನಿಂದ ಬರುತ್ತಿದ್ದರು. ಏನನ್ನೋ ಹುಡುಕಿಕೊಂಡು ಬಂದವರಲ್ಲ ಅವರು. ಫೋನ್ ತೆರೆದಾಗ ನಮ್ಮ ಲೇಖನದ ಚಿತ್ರ ಕಣ್ಣಿಗೆ ಬಿತ್ತು, ಒತ್ತಿದರು, ಅಷ್ಟೇ. ಆ ಬೆಳಿಗ್ಗೆ ಗ್ರಾಫಿನಲ್ಲಿ ಅವರ ಗೆರೆ ಹೆಚ್ಚುಕಡಿಮೆ ತಳ ಮುಟ್ಟಿತ್ತು. ಹುಡುಕಿ ಬರುವವರ ಗೆರೆ ಮಾತ್ರ ಇದ್ದ ಹಾಗೇ ಇತ್ತು. ಇದೇ ದೊಡ್ಡ ಸುಳಿವು. ಆದರೆ ಆವತ್ತು ನಮಗೆ ಅದು ಕಾಣಲಿಲ್ಲ.

ಮೊದಲ ಎರಡು ವಾರ ನಾವು ಮಾಡಿದ್ದೆಲ್ಲ ತಪ್ಪೇ. ಅದನ್ನು ಬಿಡಿಸಿ ಹೇಳುತ್ತೇನೆ. ಗಾಬರಿಯಾದಾಗ ಎಲ್ಲರ ಕೈಯೂ ಮೊದಲು ಅಲ್ಲಿಗೇ ಹೋಗುತ್ತದೆ.

ಮೊದಲನೆಯದಾಗಿ ಜಾಸ್ತಿ ಬರೆಯಲು ಶುರು ಮಾಡಿದೆ. ವಾರಕ್ಕೆ ಎರಡು ಬರೆಯುತ್ತಿದ್ದವಳು ದಿನಕ್ಕೊಂದು ಬರೆದೆ. ಒಂದಾದರೂ ಫೀಡ್‌ಗೆ ಹತ್ತಲಿ ಎಂಬ ಆಸೆ. ಹೇಳಲು ಹೊಸದೇನೂ ಇಲ್ಲದೆ ದಿನಾ ಬರೆದರೆ ಏನಾಗುತ್ತದೆ? ನಿನ್ನೆಯ ಲೇಖನವನ್ನೇ ಬೇರೆ ಮಾತಿನಲ್ಲಿ ಬರೆದ ಹಾಗಾಗುತ್ತದೆ. ಹಾಗೇ ಆಯಿತು.

ಎರಡನೆಯದು, ಹಳೆಯ ಲೇಖನಗಳ ದಿನಾಂಕ ಬದಲಿಸಿದ್ದು. ಒಳಗೆ ಒಂದೆರಡು ಪದ ಮುಟ್ಟಿ, ಮೇಲೆ ಆ ದಿನದ ತಾರೀಖು ಹಾಕಿದೆವು. ಇದರ ಬಗ್ಗೆ ಈಗಲೂ ನನಗೆ ಬೇಸರವಿದೆ. ಯಾಕೆಂದರೆ ಅದು ಓದುಗರಿಗೆ ಹೇಳಿದ ಸುಳ್ಳು. ಬರೆಯುವವರು ತಮ್ಮನ್ನು ತಾವೇ ಕೇಳಿಕೊಳ್ಳಲಿ ಎಂದು ಗೂಗಲ್ ಒಂದಷ್ಟು ಪ್ರಶ್ನೆಗಳನ್ನು ಪ್ರಕಟಿಸಿದೆ. ಅದರಲ್ಲಿ ಇದು ನೇರವಾಗಿಯೇ ಇದೆ: ಒಳಗಿನ ವಿಷಯ ಹೆಚ್ಚೇನೂ ಬದಲಾಗದೆ, ಹೊಸದೆಂದು ಕಾಣಲಿ ಅಂತ ದಿನಾಂಕ ಬದಲಿಸುತ್ತಿದ್ದೀರಾ? ನಾವು ಅದನ್ನು ಓದಿದ್ದು ಆಮೇಲೆ. ಓದಿದ ದಿನವೇ ಕೂತು ಎಲ್ಲ ದಿನಾಂಕಗಳನ್ನೂ ಮೊದಲಿನಂತೆ ಮಾಡಿದೆವು.

ಮೂರನೆಯದು ದೊಡ್ಡ ಪೆಟ್ಟು ಕೊಟ್ಟಿತು. ಸೊರಗಿದ ಲೇಖನಗಳೇ ಸೈಟನ್ನು ಕೆಳಗೆ ಎಳೆಯುತ್ತಿವೆ ಎಂದು ಯಾರೋ ಹೇಳಿದ್ದನ್ನು ನಂಬಿ, ಒಂದೇ ಸಂಜೆ ಅರವತ್ತು ಲೇಖನ ಅಳಿಸಿದೆವು. ಯಾವುದಕ್ಕೂ ದಾರಿ ತಿರುಗಿಸಲಿಲ್ಲ. ಮೂರನೇ ದಿನ ಒಬ್ಬ ಓದುಗರ ಇಮೇಲ್ ಬಂತು. ಬೇರು ಕೊಳೆತ ಗಿಡವನ್ನು ಹೇಗೆ ಉಳಿಸಬೇಕು ಎಂಬ ನಮ್ಮ ಪುಟವನ್ನು ಅವರು ಗುರುತು ಹಾಕಿ ಇಟ್ಟುಕೊಂಡಿದ್ದರಂತೆ. ಗಿಡವನ್ನು ಕುಂಡದಿಂದ ಕಿತ್ತು ಪಕ್ಕದಲ್ಲಿಟ್ಟುಕೊಂಡು ಪುಟ ತೆರೆದರೆ "ಪುಟ ಸಿಗಲಿಲ್ಲ" ಎಂದು ಬಂತಂತೆ. ಆ ಪತ್ರ ಓದಿ ನಾನು ಸುಮ್ನೆ ಕೂತುಬಿಟ್ಟೆ. ತಂಗಿ ಆ ರಾತ್ರಿಯೇ ಬ್ಯಾಕಪ್‌ನಿಂದ ಎಲ್ಲವನ್ನೂ ವಾಪಸ್ ತಂದಳು.

ಅಳಿಸುವುದೇ ತಪ್ಪು ಎಂದಲ್ಲ. ಅದಕ್ಕೊಂದು ಕ್ರಮ ಇದೆ. ಎರಡು ಲೇಖನ ಸೇರಿಸಿ ಒಂದು ಮಾಡಿದರೆ ಹಳೆಯ ವಿಳಾಸದಿಂದ ಹೊಸದಕ್ಕೆ 301 ರಿಡೈರೆಕ್ಟ್ ಹಾಕಬೇಕು. ಆಗ ಗುರುತು ಹಾಕಿಟ್ಟವರೂ, ಬೇರೆ ಸೈಟಿನ ಕೊಂಡಿಯಿಂದ ಬಂದವರೂ ಸರಿಯಾದ ಜಾಗಕ್ಕೆ ತಲುಪುತ್ತಾರೆ. ನಿಜವಾಗಿಯೂ ಯಾರಿಗೂ ಬೇಡದ ಪುಟ ಆದರೆ, ಇದು ಶಾಶ್ವತವಾಗಿ ಹೋಯಿತು ಎಂದು ತಿಳಿಸುವ 410 ಎಂಬ ಸಂಕೇತ ಇದೆ. ಓದುಗರಿಗೆ ಇರಲಿ, ಹುಡುಕಾಟದಲ್ಲಿ ಬರುವುದು ಬೇಡ ಎಂದರೆ ನೋಇಂಡೆಕ್ಸ್ ಇದೆ. ಈ ಮೂರರಲ್ಲಿ ಯಾವುದು ಎಂದು ಒಂದೊಂದು ಪುಟಕ್ಕೂ ಯೋಚಿಸಬೇಕು. ಅರವತ್ತು ಪುಟಕ್ಕೆ ಒಂದು ಸಂಜೆ ಸಾಲುವುದೇ ಇಲ್ಲ.

ಅದಾದ ಮೇಲೆ ತಂಗಿ ಒಂದು ಮಾತು ಹೇಳಿದಳು. "ಅಕ್ಕಾ, ಫೀಡ್‌ಗೆ ಏನು ಬೇಕು ಅಂತ ಊಹೆ ಮಾಡೋದು ಬಿಡೋಣ. ಇಂಥವು ಹೇಗೆ ಕೆಲಸ ಮಾಡ್ತವೆ ಅಂತ ಮೊದಲು ಓದೋಣ." ಒಂದು ವಾರ ಏನೂ ಪ್ರಕಟಿಸದೆ ಓದಿದೆವು.

ಯೂಟ್ಯೂಬ್‌ನ ಶಿಫಾರಸು ವ್ಯವಸ್ಥೆ ಬಗ್ಗೆ ಗೂಗಲ್‌ನ ಎಂಜಿನಿಯರುಗಳು 2016ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ದರು. ಅದರಲ್ಲಿ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಲಕ್ಷಾಂತರ ವೀಡಿಯೊಗಳಲ್ಲಿ ಈ ಒಬ್ಬ ವ್ಯಕ್ತಿಗೆ ಹಿಡಿಸಬಹುದಾದ ಕೆಲವು ನೂರನ್ನು ಆರಿಸುತ್ತಾರೆ. ಅವರು ಮೊದಲು ನೋಡಿದ್ದೇನು, ಅವರಂಥ ಬೇರೆಯವರು ನೋಡಿದ್ದೇನು ಎಂಬುದೇ ಆ ಆಯ್ಕೆಗೆ ಆಧಾರ. ಆಮೇಲೆ ಆ ಕೆಲವು ನೂರಕ್ಕೆ ಅಂಕ ಕೊಟ್ಟು ಸಾಲಾಗಿ ನಿಲ್ಲಿಸುತ್ತಾರೆ. ನನ್ನ ಗಮನ ಸೆಳೆದಿದ್ದು ಈ ಎರಡನೇ ಹಂತ. ಅಲ್ಲಿ ಅಂಕ ಕೊಡುವುದು ಬರೀ ಕ್ಲಿಕ್ ನೋಡಿ ಅಲ್ಲ, ಎಷ್ಟು ಹೊತ್ತು ನೋಡಬಹುದು ಎಂಬ ಅಂದಾಜಿನ ಮೇಲೆ.

ಹಿಂದಕ್ಕೆ ಹೋಗಿ ನೋಡಿದರೆ ಬೇರೆ ಕಡೆಯೂ ಇದೇ ಕಥೆ. ಯೂಟ್ಯೂಬ್ 2012ರಲ್ಲಿಯೇ ವೀಕ್ಷಣೆಯ ಎಣಿಕೆಗಿಂತ ನೋಡಿದ ಸಮಯಕ್ಕೆ ಹೆಚ್ಚು ಬೆಲೆ ಕೊಡಲು ಶುರು ಮಾಡಿತ್ತು. ಫೇಸ್‌ಬುಕ್ 2014ರಲ್ಲಿ, ಕೊಂಡಿ ಒತ್ತಿ ಹೋದವರು ಆ ಪುಟದಲ್ಲಿ ಎಷ್ಟು ಹೊತ್ತು ಉಳಿದರು, ಕೂಡಲೇ ವಾಪಸ್ ಬಂದರೇ ಎಂದು ನೋಡುವುದಾಗಿ ಹೇಳಿತು. 2018ರ ಜನವರಿಯಲ್ಲಿ ಅದೇ ಫೇಸ್‌ಬುಕ್, ಜನ ಒಬ್ಬರೊಡನೊಬ್ಬರು ಮಾತಾಡುವಂಥ ಪೋಸ್ಟ್‌ಗಳಿಗೆ ಮೊದಲ ಜಾಗ ಎಂದಿತು. ಪ್ರಕಾಶಕರ ಪೋಸ್ಟ್‌ಗಳು ಕಡಿಮೆ ಕಾಣುತ್ತವೆ ಎಂದೂ ಆಗಲೇ ಹೇಳಿತ್ತು.

ಇದನ್ನೆಲ್ಲ ಒಂದೇ ಹಾಳೆಯ ಮೇಲೆ ಬರೆದಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಯಾರಿಗೆ ಏನು ತೋರಿಸಬೇಕು ಎಂದು ಆರಿಸುವ ಆಲ್ಗರಿದಮ್ ಪ್ರತಿ ಸಲ ಬದಲಾದಾಗಲೂ ಕೇಳುವ ಪ್ರಶ್ನೆ ಒಂದೇ ದಿಕ್ಕಿಗೆ ಜರುಗುತ್ತಿದೆ. ಮೊದಲು "ತೆರೆದರಾ?" ಎಂದು ಕೇಳುತ್ತಿತ್ತು. ಈಗ "ತೆರೆದ ಮೇಲೆ ಏನಾಯಿತು?" ಎಂದು ಕೇಳುತ್ತಿದೆ. ಹಾಗಿದ್ದ ಮೇಲೆ ನಾವು ಬೆನ್ನು ಹತ್ತಬೇಕಾದ್ದು ಆಲ್ಗರಿದಮ್ಮನ್ನಲ್ಲ. ನಮ್ಮ ಪುಟ ತೆರೆದ ಮನುಷ್ಯನಿಗೆ ಏನಾಯಿತು ಎಂಬುದನ್ನು. ಅಲ್ವಾ?

ಅದನ್ನು ತಿಳಿಯಲು ಒಂದು ದೊಡ್ಡ ಶೀಟ್ ಮಾಡಿದೆವು. ಒಂದು ಲೇಖನಕ್ಕೆ ಒಂದು ಸಾಲು. ಓದುಗರು ಎಲ್ಲಿಂದ ಬಂದರು, ಕೊನೆತನಕ ಹೋದರಾ, ಇನ್ನೊಂದು ಲೇಖನ ತೆರೆದರಾ, ಒಂದು ತಿಂಗಳೊಳಗೆ ಮತ್ತೆ ಬಂದರಾ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನಾವು ಬಳಸುವ ಗೂಗಲ್ ಅನಲಿಟಿಕ್ಸ್ 4ರಲ್ಲಿ, ಯಾರಾದರೂ 10 ಸೆಕೆಂಡಿಗಿಂತ ಹೆಚ್ಚು ಉಳಿದರೆ ಅದನ್ನು ತೊಡಗಿಕೊಂಡ ಭೇಟಿ ಎಂದು ಎಣಿಸುತ್ತದೆ. ಎಂಟು ನಿಮಿಷ ಓದುವ ಲೇಖನಕ್ಕೆ 10 ಸೆಕೆಂಡ್ ಏನನ್ನೂ ಹೇಳುವುದಿಲ್ಲ. ಪುಟದಲ್ಲಿ 90 ಶೇಕಡಾ ಕೆಳಗೆ ಇಳಿದವರನ್ನೂ ಅದು ತಾನಾಗಿ ಎಣಿಸುತ್ತದೆ. ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಲೆಕ್ಕ.

ಶೀಟ್ ತುಂಬಿದ ಮೇಲೆ ಕಂಡದ್ದನ್ನು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ಫೀಡ್ ಅತಿ ಹೆಚ್ಚು ಜನರನ್ನು ಕಳಿಸಿದ್ದ ಲೇಖನಗಳೇ ಅತಿ ಕಡಿಮೆ ಓದಿಸಿಕೊಂಡಿದ್ದವು. "ಈ ಒಂದು ತಪ್ಪು ಮಾಡಿದರೆ ನಿಮ್ಮ ಗಿಡ ಉಳಿಯುವುದಿಲ್ಲ" ಎಂಬ ಶೀರ್ಷಿಕೆ ಇತ್ತು. ಆ ತಪ್ಪು ಯಾವುದು ಎಂದರೆ ನೀರು ಜಾಸ್ತಿ ಹಾಕುವುದು. ಅದನ್ನು ನಾನು ಆರನೇ ಪ್ಯಾರಾದಲ್ಲಿ ಹೇಳಿದ್ದೆ. ಬಂದವರಲ್ಲಿ ಹೆಚ್ಚಿನವರು ಅಲ್ಲಿಯತನಕ ಬರಲೇ ಇಲ್ಲ. ಅದೇ ಶೀಟಿನಲ್ಲಿ ಹಿಟ್ಟು ತಿಗಣೆಯನ್ನು ಹತ್ತಿಯಿಂದ ಒರೆಸಿ ತೆಗೆಯುವ ಬಗ್ಗೆ ಬರೆದ ಸಣ್ಣ ಲೇಖನ ಇತ್ತು. ಬಂದವರು ಕಡಿಮೆ. ಬಂದವರೆಲ್ಲ ಕೊನೆತನಕ ಓದಿದ್ದರು. ಹಲವರು ಹತ್ತು ದಿನದ ನಂತರ ಮತ್ತೆ ಬಂದಿದ್ದರು. ಬರಲೇಬೇಕು. ಮೊಟ್ಟೆ ಒಡೆದು ಮರಿ ಬರುವುದರಿಂದ ಆ ಕೀಟ ಒಂದೇ ಸಲಕ್ಕೆ ಹೋಗುವುದಿಲ್ಲ, ಮತ್ತೆ ಮತ್ತೆ ಒರೆಸಬೇಕಾಗುತ್ತದೆ.

ಆ ಲೇಖನವನ್ನು ನಾನು ಅರ್ಧ ಗಂಟೆಯಲ್ಲಿ ಬರೆದಿದ್ದೆ. ನನ್ನ ಗಿಡಕ್ಕೇ ಹುಳ ಬಿದ್ದಿತ್ತು. ಮಾಡಿದ್ದನ್ನು ಮಾಡಿದ ಹಾಗೆ ಬರೆದಿದ್ದೆ.

ಅಲ್ಲಿಂದ ಕೆಲಸ ಶುರುವಾಯಿತು. ಮೊದಲು ಕೈ ಹಾಕಿದ್ದು ಹಳದಿ ಎಲೆಗೆ. ಎಲೆ ಹಳದಿಯಾಗುವುದರ ಬಗ್ಗೆಯೇ ನಮ್ಮ ಸೈಟಿನಲ್ಲಿ ಒಂಬತ್ತು ಲೇಖನ ಇದ್ದವು. ಒಂದರ ಶೀರ್ಷಿಕೆ ಐದು ಕಾರಣ, ಇನ್ನೊಂದರದು ಹತ್ತು ಕಾರಣ, ಮತ್ತೊಂದು ಮಳೆಗಾಲದಲ್ಲಿ ಹಳದಿ. ಒಂದನ್ನೊಂದು ತಳ್ಳಾಡುತ್ತಿದ್ದವು. ಹುಡುಕಾಟದಲ್ಲಿ ಒಂದು ವಾರ ಒಂದು ಮೇಲೆ ಬಂದರೆ ಮುಂದಿನ ವಾರ ಇನ್ನೊಂದು. ಒಂಬತ್ತರಲ್ಲಿ ಒಂದೂ ಪೂರ್ತಿ ಇರಲಿಲ್ಲ.

ಒಂಬತ್ತನ್ನೂ ಮುದ್ರಿಸಿ ಮೇಜಿನ ಮೇಲೆ ಹರಡಿಕೊಂಡೆ. ಓದುತ್ತಾ ಓದುತ್ತಾ ಒಂದು ವಿಷಯ ಹೊಳೆಯಿತು. ಎಲ್ಲದರಲ್ಲೂ ಕಾರಣಗಳ ಪಟ್ಟಿ ಇದೆ. ಆದರೆ ನನ್ನ ಗಿಡಕ್ಕೆ ಯಾವ ಕಾರಣ ಎಂದು ಗುರುತಿಸುವುದು ಹೇಗೆ ಎಂದು ಒಂದರಲ್ಲೂ ಇಲ್ಲ. ಓದುಗರಿಗೆ ಬೇಕಾಗಿದ್ದು ಅದೊಂದೇ. ಹಾಗಾಗಿ ಹೊಸ ಲೇಖನವನ್ನು ಪ್ರಶ್ನೆಯಿಂದಲೇ ಶುರು ಮಾಡಿದೆ: ಮೊದಲು ಹಳದಿಯಾಗಿದ್ದು ಕೆಳಗಿನ ಹಳೆಯ ಎಲೆಯಾ, ಮೇಲಿನ ಹೊಸ ಎಲೆಯಾ? ಸಾರಜನಕ ಸಾಲದಿದ್ದರೆ ಗಿಡ ಹಳೆಯ ಎಲೆಯಿಂದ ಅದನ್ನು ಎಳೆದು ಹೊಸ ಎಲೆಗೆ ಕೊಡುತ್ತದೆ. ಅದಕ್ಕೇ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣದ ಅಂಶವನ್ನು ಹಾಗೆ ಎಳೆದು ಕೊಡಲು ಗಿಡಕ್ಕೆ ಆಗುವುದಿಲ್ಲ. ಅದು ಸಾಲದಿದ್ದರೆ ಹೊಸ ಎಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರಾಗೇ ಉಳಿಯುತ್ತವೆ. ಮಣ್ಣು ಸದಾ ಒದ್ದೆಯಾಗಿದ್ದು, ಎಲೆ ಮೆತ್ತಗಾಗಿ, ಬೇರು ಕಂದು ಬಣ್ಣಕ್ಕೆ ತಿರುಗಿ ವಾಸನೆ ಬರುತ್ತಿದ್ದರೆ ಅದು ನೀರು ಹೆಚ್ಚಾಗಿದ್ದರ ಫಲ. ಪ್ರತಿಯೊಂದಕ್ಕೂ ತಂಗಿ ಹತ್ತಿರದಿಂದ ಫೋಟೊ ತೆಗೆದಳು. ಬರೀ ಚೆಂದದ ಗಿಡದ ಫೋಟೊ ಅಲ್ಲ, ಕಾಯಿಲೆ ಬಿದ್ದ ಎಲೆಯದೇ ಫೋಟೊ.

ಹಳೆಯ ಎಂಟರಿಂದ ಒಂಬತ್ತನೆಯದಕ್ಕೆ ರಿಡೈರೆಕ್ಟ್ ಹಾಕಿದೆವು. ಎಲ್ಲಕ್ಕಿಂತ ಹೆಚ್ಚು ಕೊಂಡಿ ಯಾವ ವಿಳಾಸಕ್ಕೆ ಇತ್ತೋ ಅದನ್ನೇ ಉಳಿಸಿಕೊಂಡೆವು. ಈ ಒಂದು ಲೇಖನಕ್ಕೆ ಹನ್ನೊಂದು ದಿನ ಹಿಡಿಯಿತು. ದಿನಕ್ಕೊಂದು ಬರೆಯುತ್ತಿದ್ದ ಕಾಲದಲ್ಲಿ ಇಷ್ಟು ದಿನಕ್ಕೆ ಹನ್ನೊಂದು ಲೇಖನ ಆಗುತ್ತಿತ್ತು. ಆ ಹನ್ನೊಂದರ ಶೀರ್ಷಿಕೆ ಈಗ ನನಗೇ ನೆನಪಿಲ್ಲ.

ಮುಂದಿನದು ಇನ್ನೂ ಕಷ್ಟದ ಕೆಲಸ. ಉಳಿದ ಲೇಖನಗಳನ್ನು ತಂಗಿ ಒಂದೊಂದಾಗಿ ತೆರೆದು ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಅಕ್ಕಾ, ಇದು ನೀನೇ ಮಾಡಿ ನೋಡಿದ್ದಾ?" ಹುಡುಕಾಟದ ಫಲಿತಾಂಶ ಹೇಗಿದೆ ಎಂದು ನೋಡಿ ಹೇಳುವ ತನ್ನ ಗುಣಮಟ್ಟ ಪರಿಶೀಲಕರಿಗೆ ಗೂಗಲ್ ಕೊಡುವ ಮಾರ್ಗಸೂಚಿಯಲ್ಲಿ ಪರಿಣತಿ, ಅಧಿಕಾರ, ನಂಬಿಕೆ ಎಂಬ ಮೂರರ ಜೊತೆಗೆ 2022ರ ಡಿಸೆಂಬರ್‌ನಲ್ಲಿ ಅನುಭವ ಎಂಬ ನಾಲ್ಕನೆಯದನ್ನು ಸೇರಿಸಿತು. ಅವಳ ಪ್ರಶ್ನೆ ಅದರಿಂದಲೇ ಬಂದದ್ದು. ಆದರೆ ಅವಳು ಕೇಳಿದಾಗ ಅದು ಮಾರ್ಗಸೂಚಿಯ ಹಾಗೆ ಕೇಳಿಸುತ್ತಿರಲಿಲ್ಲ. ಸಕ್ಕರೆ ನೀರು ಹಾಕಿದರೆ ಬಾಡಿದ ಗಿಡ ಚಿಗುರುತ್ತದೆ ಎಂದು ಬರೆದಿದ್ದೆ. ಮಾಡಿ ನೋಡಿರಲಿಲ್ಲ. ಎಲ್ಲೋ ಓದಿದ್ದು. ಗಿಡ ತನಗೆ ಬೇಕಾದ ಸಕ್ಕರೆಯನ್ನು ಬೆಳಕಿನಿಂದ ತಾನೇ ಮಾಡಿಕೊಳ್ಳುತ್ತದೆ. ಮಣ್ಣಿಗೆ ಸುರಿದ ಸಕ್ಕರೆ ಇರುವೆಯನ್ನೂ ಬೂಷ್ಟನ್ನೂ ಕರೆಯುತ್ತದೆ, ಅಷ್ಟೇ. ಆ ಲೇಖನವನ್ನು ಸದ್ದಿಲ್ಲದೆ ತೆಗೆಯಲು ನನಗೆ ಮನಸ್ಸು ಬರಲಿಲ್ಲ. ಅದೇ ವಿಳಾಸದಲ್ಲಿ, ನಾವು ಮೊದಲು ಬರೆದದ್ದು ತಪ್ಪು ಎಂದು ಮೇಲೆಯೇ ಹೇಳಿ, ಯಾಕೆ ತಪ್ಪು ಎಂದು ವಿವರಿಸಿದೆ. ಇಲ್ಲಿ ದಿನಾಂಕವನ್ನೂ ಬದಲಿಸಿದೆವು. ಈ ಸಲ ಅದು ನಿಜವಾಗಿತ್ತು.

ಮೊಟ್ಟೆಚಿಪ್ಪಿನ ವಿಷಯದಲ್ಲಿ ಬೇರೆ ದಾರಿ ಹಿಡಿದೆವು. ದಪ್ಪಗೆ ಪುಡಿ ಮಾಡಿದ ಚಿಪ್ಪನ್ನು ಒಂದು ಕುಂಡಕ್ಕೆ ಹಾಕಿಟ್ಟೆವು. ನಾಲ್ಕು ತಿಂಗಳ ನಂತರ ಮಣ್ಣು ಅಗೆದರೆ ಚೂರುಗಳು ಹಾಕಿದ ಹಾಗೇ ಇದ್ದವು. ಆ ಚೂರುಗಳ ಫೋಟೊ ಹಾಕಿ, ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡದೆ ಹಾಕಿದರೆ ಕ್ಯಾಲ್ಸಿಯಂ ಬೇಗ ಸಿಗುವುದಿಲ್ಲ ಎಂದು ಬರೆದೆ. ಆ ಪುಟದ ಬಗ್ಗೆ ಬಂದಷ್ಟು ಪತ್ರ ಇನ್ಯಾವುದಕ್ಕೂ ಬಂದಿಲ್ಲ.

ಉದ್ದದ ಬಗ್ಗೆಯೂ ಒಂದು ಮಾತು. ಲೇಖನ ಇಷ್ಟು ಪದ ಇದ್ದರೇನೇ ಮೇಲೆ ಬರುತ್ತದೆ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಅದಕ್ಕಾಗಿ ಗಿಡದ ಇತಿಹಾಸ, ಪೀಠಿಕೆ ಎಲ್ಲ ತುಂಬಿಸುತ್ತಿದ್ದೆ. ತನಗೆ ಅಂಥ ಯಾವ ಪದಸಂಖ್ಯೆಯೂ ಇಲ್ಲ ಎಂದು ಗೂಗಲ್ ಅದೇ ಪ್ರಶ್ನೆಗಳ ಪುಟದಲ್ಲಿ ಬರೆದಿದೆ. ಪೀಠಿಕೆಗಳನ್ನೆಲ್ಲ ಕತ್ತರಿಸಿದೆ. ಕೈಗೆ ಮಣ್ಣು ಮೆತ್ತಿಕೊಂಡು ಫೋನ್ ನೋಡುವವರಿಗೆ ಅದು ಬೇಡ.

ತಂಗಿಯ ಪಾಲಿನ ಕೆಲಸ ಬೇಗ ಮುಗಿಯಿತು. ಫೋನಿನಲ್ಲಿ ಲೇಖನಗಳನ್ನು ತೋರಿಸುವ ಗೂಗಲ್ ಡಿಸ್ಕವರ್ ಎಂಬ ಫೀಡ್ ಬಗ್ಗೆ ಗೂಗಲ್‌ನದೇ ಸೂಚನೆಗಳಿವೆ. ಚಿತ್ರ ಕನಿಷ್ಠ 1200 ಪಿಕ್ಸೆಲ್ ಅಗಲ ಇರಲಿ, ದೊಡ್ಡದಾಗಿ ತೋರಿಸಲು ಪುಟದಲ್ಲಿ ಅನುಮತಿ ಕೊಟ್ಟಿರಿ ಎನ್ನುತ್ತವೆ. ಮುಖ್ಯ ವಿಷಯವನ್ನು ಬಚ್ಚಿಟ್ಟು ಕುತೂಹಲ ಹುಟ್ಟಿಸುವ ಶೀರ್ಷಿಕೆ ಬೇಡ ಎಂದೂ ಇದೆ. ನಮ್ಮ ಪುಟ ತೆರೆದುಕೊಳ್ಳುವುದೇ ನಿಧಾನವಾಗಿತ್ತು. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್‌ನ ಅಳತೆ. ನಮ್ಮದು ಅದನ್ನು ಎಷ್ಟೋ ದಾಟುತ್ತಿತ್ತು. ಹುಡುಕಿದರೆ, ಮೇಲಿನ ದೊಡ್ಡ ಚಿತ್ರಕ್ಕೂ ಲೇಜಿ ಲೋಡಿಂಗ್, ಅಂದರೆ ಓದುಗರು ಹತ್ತಿರ ಬಂದಾಗಲೇ ಚಿತ್ರ ತರುವ ಏರ್ಪಾಡು, ಹಾಕಿದ್ದೇ ಕಾರಣ. ಅದು ಕೆಳಗಿನ ಚಿತ್ರಗಳಿಗೆ ಸರಿ. ತೆರೆದ ಕೂಡಲೇ ಕಾಣಬೇಕಾದ ಚಿತ್ರಕ್ಕೆ ಹಾಕಿದರೆ ಬ್ರೌಸರ್ ಅದನ್ನು ತಡವಾಗಿ ತರುತ್ತದೆ. ಒಂದು ಸಾಲು ತೆಗೆದಳು, ಅದು ಸರಿಯಾಯಿತು.

ಶೀರ್ಷಿಕೆಗಳಿಗೆ ನಾನು ಒಂದು ನಿಯಮ ಇಟ್ಟುಕೊಂಡೆ. ಶೀರ್ಷಿಕೆ ಓದಿ ಒಳಗೆ ಬರದೆ ಹೋದವರಿಗೂ ಏನಾದರೂ ತಿಳಿದಿರಬೇಕು. "ಈ ಒಂದು ತಪ್ಪು" ಹೋಗಿ "ನೀರು ಜಾಸ್ತಿಯಾಗಿ ಬೇರು ಕೊಳೆತರೆ ಗಿಡ ಉಳಿಸುವ ಬಗೆ" ಬಂತು. ಕ್ಲಿಕ್ ಕಡಿಮೆಯಾಯಿತು, ನಿಜ. ಬಂದವರು ಓದಿದರು.

ಇದರ ಜೊತೆಗೆ ಇನ್ನೊಂದು ಕೆಲಸ ಮಾಡಿದೆವು. ಅದನ್ನು ಮೊದಲ ದಿನದಿಂದಲೇ ಮಾಡಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಪ್ರತಿ ಲೇಖನದ ಕೊನೆಗೆ, ಬೇಕಾದವರು ಇಮೇಲ್ ವಿಳಾಸ ಕೊಡಲು ಒಂದು ಜಾಗ ಇಟ್ಟೆವು. ಹದಿನೈದು ದಿನಕ್ಕೊಂದು ಪತ್ರ ಕಳಿಸುತ್ತೇವೆ. ಅದು ಬರೀ ಹೊಸ ಲೇಖನಗಳ ಪಟ್ಟಿ ಅಲ್ಲ. ಆ ಹದಿನೈದು ದಿನ ನಮ್ಮ ಕುಂಡಗಳಲ್ಲಿ ಏನಾಯಿತು ಎಂದು ಬರೆಯುತ್ತೇನೆ. ಜನ ಉತ್ತರ ಬರೆಯುತ್ತಾರೆ, ಪ್ರಶ್ನೆ ಕೇಳುತ್ತಾರೆ. ಮುಂದೇನು ಬರೆಯಬೇಕು ಎಂಬುದು ಈಗ ಆ ಪ್ರಶ್ನೆಗಳಿಂದ ಬರುತ್ತದೆ. ಮೊದಲು ಫೀಡ್‌ನಲ್ಲಿ ಏನು ಓಡುತ್ತಿದೆ ಎಂದು ನೋಡಿ ವಿಷಯ ಆರಿಸುತ್ತಿದ್ದೆ.

ಎಷ್ಟು ಸಮಯ ಹಿಡಿಯಿತು ಎಂದು ಕೇಳುವವರಿಗೆ ಇದ್ದದ್ದನ್ನೇ ಹೇಳುತ್ತೇನೆ. ಮೊದಲ ಮೂರು ತಿಂಗಳು ಗ್ರಾಫಿನಲ್ಲಿ ಏನೂ ಕಾಣಲಿಲ್ಲ. ಆದಾಯ ಬಿದ್ದೇ ಇತ್ತು. ತಂಗಿ ಬೇರೆಯವರ ಸೈಟ್ ಕೆಲಸ ಹಿಡಿದು ಸರ್ವರ್ ಖರ್ಚು ತೂಗಿಸಿದಳು. ನಾಲ್ಕನೇ ತಿಂಗಳಲ್ಲಿ ಹಳದಿ ಎಲೆಯ ಲೇಖನಕ್ಕೆ ಹುಡುಕಿ ಬರುವವರು ಹೆಚ್ಚಾದರು. ಫೀಡ್ ಮತ್ತೆ ನಮ್ಮನ್ನು ತೋರಿಸಲು ಶುರು ಮಾಡಿದ್ದು ಎಂಟನೇ ತಿಂಗಳ ಸುಮಾರಿಗೆ. ಹಳೆಯ ಮಟ್ಟಕ್ಕೆ ಅದು ಬಂದಿಲ್ಲ. ನಾವು ಮಾಡಿದ್ದರಲ್ಲಿ ಯಾವುದರಿಂದ ಅದು ವಾಪಸ್ ಬಂತು ಎಂದು ಬೆರಳಿಟ್ಟು ತೋರಿಸಲು ನನ್ನಿಂದ ಆಗುವುದಿಲ್ಲ. ಈಗ ಓದುಗರಲ್ಲಿ ಮೂರನೇ ಒಂದು ಭಾಗ ಫೀಡ್‌ನಿಂದ, ಸುಮಾರು ಅರ್ಧ ಹುಡುಕಾಟದಿಂದ, ಉಳಿದವರು ಇಮೇಲ್‌ನಿಂದಲೋ ನೇರವಾಗಿಯೋ ಬರುತ್ತಾರೆ. ಮತ್ತೊಮ್ಮೆ ಫೀಡ್ ನಿಂತರೆ ಕಷ್ಟ ಆಗುತ್ತದೆ. ಆದರೆ ಸೈಟ್ ನಡೆಯುತ್ತದೆ.

ಹೋದ ತಿಂಗಳು ಕುಂಡ ಬದಲಿಸುವ ಬಗ್ಗೆ ಬರೆದ ಲೇಖನವನ್ನು ಫೀಡ್ ಏಕಾಏಕಿ ಎತ್ತಿಕೊಂಡಿತು. ಎರಡು ದಿನ ಸಾವಿರಾರು ಜನ ಬಂದರು. ಮೊದಲಾಗಿದ್ದರೆ ಅದೇ ಥರದ್ದು ಇನ್ನೂ ನಾಲ್ಕು ಬರೆಯುತ್ತಿದ್ದೆ. "ಏನು ಮಾಡೋಣ ಅಕ್ಕಾ?" ಎಂದು ತಂಗಿ ಕೇಳಿದಳು. ಪುಟ ತೆರೆದು ನೋಡಿದೆವು. ಬಹಳ ಜನ ಮಧ್ಯದಲ್ಲಿ ಒಂದೇ ಜಾಗದಲ್ಲಿ ನಿಂತು ಹೊರಗೆ ಹೋಗುತ್ತಿದ್ದರು. ಸುತ್ತಿಕೊಂಡ ಬೇರನ್ನು ಬಿಡಿಸುವ ಹಂತ ಅದು. ನಾನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೆ. ಆ ಸಂಜೆ ಒಂದು ಗಿಡ ಕಿತ್ತು, ಬೇರು ಬಿಡಿಸುವುದನ್ನು ಹೆಜ್ಜೆ ಹೆಜ್ಜೆಯಾಗಿ ಏಳು ಫೋಟೊ ತೆಗೆದು, ಆ ಸಾಲಿದ್ದ ಜಾಗದಲ್ಲಿ ಹಾಕಿದೆವು.